‘ಜೆಲ್ಲಿ’ ಎಂದಷ್ಟೇ ಬರೆದರೆ ಸಾಲದು

ಮಾನ್ಯರೇ,

ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆಯಲ್ಲಿ ಯೋನಿ ರಚನೆ ಮಾಡಿಸಿಕೊಂಡ ಟ್ರಾನ್ಸ್ ಮಹಿಳೆಯರಿಗೆ ಮನೆಗೆ ಹೊರಡುವಾಗ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಡೈಲೇಟರ್ (ಹೊಸ ಯೋನಿ ಕುಗ್ಗದಂತೆ ಒಳಗಿಟ್ಟುಕೊಳ್ಳುವ ದಂಡದಾಕಾರದ ಸಾಧನ) ಬಳಸಬೇಕು ಎಂದು ಹೇಳಿಕೊಡುತ್ತಾರೆ. ಅದು ಸಲೀಸಾಗಿ ಜಾರಲು ಹಚ್ಚುವುದೇನು ಎಂಬಲ್ಲಿ ಮಾತ್ರ ಡಿಸ್ಚಾರ್ಜ್ ಚೀಟಿ ‘ಜೆಲ್ಲಿ’ ಎಂಬ ಒಂದೇ ಪದಕ್ಕೆ ಮುಗಿದುಹೋಗುವುದುಂಟು. ಆ ಚೀಟಿ ನೋಡಿ ಮೆಡಿಕಲ್ ಶಾಪಿನವರು 30 ಗ್ರಾಂ ಲಿಗ್ನೊಕೇನ್ ಜೆಲ್ಲಿಯ ಟ್ಯೂಬನ್ನು ಮುಂದಿಟ್ಟರೆ ತಪ್ಪು ಅವರದ್ದಲ್ಲ.

ಲಿಗ್ನೊಕೇನ್ ಮರಗಟ್ಟಿಸುವ ಔಷಧ. ಹೊಸ ಯೋನಿಯ ಹಿಂಬದಿಯ ಗೋಡೆಗೆ ಅಂಟಿಕೊಂಡೇ ಗುದನಾಳವಿದೆ, ಮೇಲ್ಬದಿಯಲ್ಲಿ ಮೂತ್ರನಾಳವಿದೆ. ಡೈಲೇಟರ್ ದಾರಿ ತಪ್ಪಿದಾಗ ಎಚ್ಚರಿಸುವುದು ಮುಖ್ಯವಾಗಿ ನೋವು. ಆ ನೋವನ್ನೇ ಅಡಗಿಸಿ ಒತ್ತಿದರೆ ಗಾಯವಾದದ್ದೂ ತಿಳಿಯದು. ವೈದ್ಯರು ಕೆಲವು ದಿನಕ್ಕೆಂದು ಬರೆದುಕೊಟ್ಟರೆ ಅದು ಬೇರೆ ಮಾತು, ತಿಂಗಳುಗಟ್ಟಲೆ ಜಾರುಕವಾಗಿ ಬಳಸುವ ಪದಾರ್ಥ ಅದಲ್ಲ.

ಶಿಶ್ನದ ಚರ್ಮವನ್ನು ಒಳಮಗುಚಿ ರಚಿಸಿದ ಯೋನಿ ತಾನಾಗಿ ಸಾಕಷ್ಟು ಒದ್ದೆಯಾಗುವುದಿಲ್ಲ, ಒಳಗಿರುವುದು ಚರ್ಮ. ದೊಡ್ಡ ಕರುಳಿನ ತುಂಡಿನಿಂದ ರಚಿಸಿದ್ದರೆ ಲೋಳೆ ಒಸರುತ್ತದೆ, ಜೆಲ್ ಕಡಿಮೆ ಸಾಕು. ಆದ್ದರಿಂದ ಗೆಳತಿಗೆ ಸಾಕಾದಷ್ಟು ನಿಮಗೆ ಸಾಕಾಗದೇ ಹೋಗಬಹುದು. ಒಣಗಿದ ಮೇಲೆ ಡೈಲೇಟರ್ ಚರ್ಮವನ್ನು ಎಳೆಯುತ್ತದೆ, ಹೊಲಿಗೆಯ ಗೆರೆ ಬಿರಿಯುತ್ತದೆ, ಉರಿಗೆ ಹೆದರಿ ಒಂದೆರಡು ಸರದಿ ತಪ್ಪುತ್ತವೆ. ಮೊದಲ ತಿಂಗಳುಗಳಲ್ಲಿ ಗಾಯ ಮಾಗುತ್ತಾ ಕುಗ್ಗುವ ಹೊತ್ತಿಗೇ ಹೀಗೆ ತಪ್ಪಿದರೆ ಕಳೆದುಕೊಂಡ ಆಳವನ್ನು ಮತ್ತೆ ಪಡೆಯುವುದು ಕಷ್ಟ, ಕೆಲವೊಮ್ಮೆ ಮರುಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹಾಗಾದರೆ ಯಾವುದು? ಆರಂಭಕ್ಕೆ ನೀರು ಆಧಾರಿತ, ಗಟ್ಟಿ ಹದದ, ಬಣ್ಣ–ಪರಿಮಳ–ರುಚಿ ಯಾವುದೂ ಇಲ್ಲದ ಜೆಲ್. ತೆಳ್ಳಗಿನದು ತೊಡೆಗೆ ಇಳಿದುಹೋಗುತ್ತದೆ. ‘ಬೆಚ್ಚಗಾಗಿಸುವ’, ‘ತಂಪಾಗಿಸುವ’ ಬಗೆಗಳು ಹಸಿ ಗಾಯಕ್ಕೆ ಖಾರ ಸವರಿದಂತೆ. ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ: ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮೊದಲ ಸಾಲಿನಲ್ಲೇ ಇದ್ದರೆ ಅಂಥ ಜೆಲ್ ಅಂಗಾಂಶದಿಂದ ನೀರು ಹೀರುತ್ತದೆ, ಒಣಗಿದಾಗ ಅಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕಾಂಡೋಮ್ ಜೊತೆ ಬಳಸುವ ಜಾರುಕಗಳಿಗೆ ಹೇಳಿದ ಮಿತಿ ಇಲ್ಲಿಯೂ ಉಪಯುಕ್ತ: ಆಸ್ಮೊಲಾಲಿಟಿ (ಜೆಲ್‌ನಲ್ಲಿ ಕರಗಿದ ಪದಾರ್ಥಗಳ ಸಾಂದ್ರತೆಯ ಅಳತೆ, mOsm/kg) 1,200 ಮೀರಬಾರದು, 380ರೊಳಗಿದ್ದರೆ ಉತ್ತಮ. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಬೆರೆತ ಜೆಲ್ಲಿಗಳೂ ಇವೆ. ಹಚ್ಚಿದ ಮೇಲೆ ತುರಿಕೆ, ಕೆಂಪು ಕಂಡರೆ ಮೊದಲು ಅನುಮಾನಿಸಬೇಕಾದವುಗಳಲ್ಲಿ ಅದೂ ಒಂದು.

ಸಿಲಿಕೋನ್ ಜಾರುಕ ಒಣಗುವುದಿಲ್ಲ, ಹನಿಯಷ್ಟೇ ಸಾಕು. ಆದರೆ ಡೈಲೇಟರ್ ಕೂಡ ಮೆತ್ತನೆಯ ಸಿಲಿಕೋನ್‌ನದ್ದಾಗಿದ್ದರೆ ಬೇಡವೇ ಬೇಡ. ಮೇಲ್ಮೈ ಉಬ್ಬಿ ಜಿಗುಟಾಗುತ್ತದೆ, ಕಾಣದ ಬಿರುಕುಗಳಲ್ಲಿ ಕೊಳೆ ಕೂರುತ್ತದೆ. ಗಟ್ಟಿ ಅಕ್ರಿಲಿಕ್ ಆದರೆ ತೊಂದರೆಯಿಲ್ಲ.

ಕೊಬ್ಬರಿ ಎಣ್ಣೆಯ ಮೇಲೆ ನಮ್ಮವರಿಗೆ ಇರುವ ನಂಬಿಕೆ ಸಣ್ಣದಲ್ಲ. ತಲೆಗೆ, ಮೈಗೆ, ಮಗುವಿಗೆ ಎಲ್ಲಕ್ಕೂ ಅದೇ. ಇಲ್ಲಿ ಮಾತ್ರ ಅದನ್ನು ಅಡುಗೆಮನೆಯ ಬಾಟಲಿಯಿಂದ ಸುರಿದುಕೊಳ್ಳಬೇಡಿ. ಎಣ್ಣೆ, ವ್ಯಾಸಲೀನ್, ತುಪ್ಪ ನೀರಿಗೆ ಬಿಡುವುದಿಲ್ಲ, ಒಳಗೇ ಉಳಿದು ವಾಸನೆಗೆ ದಾರಿ. ಲ್ಯಾಟೆಕ್ಸ್ ಕಾಂಡೋಮನ್ನು ಡೈಲೇಟರ್‌ಗೆ ತೊಡಿಸುವವರಿಗೆ ಅದು ಹರಿದೂ ಹೋಗುತ್ತದೆ.

ಹಚ್ಚುವ ಕ್ರಮದಲ್ಲೂ ಒಂದು ಎಡವಟ್ಟಿದೆ. ಡೈಲೇಟರ್‌ಗೆ ಎಷ್ಟೇ ಬಳಿದರೂ ಒಳಹೋಗುವಾಗ ಬಾಗಿಲಲ್ಲೇ ಒರೆಸಿಕೊಂಡು ಹೊರಗುಳಿಯುತ್ತದೆ, ತುದಿ ಒಣಗಿಯೇ ಮುಂದೆ ಸಾಗುತ್ತದೆ. ಆದ್ದರಿಂದ ತುದಿಗೂ ಉದ್ದಕ್ಕೂ ಹಚ್ಚಿ, ಯೋನಿಯ ಬಾಯಿಗೂ ಬೆರಳಿನಿಂದ ಸವರಿ. ಶಸ್ತ್ರಚಿಕಿತ್ಸಕರು ಒಪ್ಪಿದರೆ, ಸೂಜಿಯಿಲ್ಲದ ಸ್ವಚ್ಛ ಸಿರಿಂಜಿನಿಂದ 2–3 ಮಿ.ಲೀ. ಒಳಗೂ ಬಿಡಬಹುದು. ದಿಂಬಿಗೊರಗಿ ಮಂಡಿ ಮಡಚಿ, ಡೈಲೇಟರನ್ನು ಮೊದಲು ಬೆನ್ನುಮೂಳೆಯ ಬುಡದ ಕಡೆಗೆ, ಪ್ಯೂಬಿಕ್ ಮೂಳೆ (ಕಿಬ್ಬೊಟ್ಟೆಯ ಕೆಳಗೆ ಮುಂಭಾಗದ ಮೂಳೆ) ದಾಟಿದ ಮೇಲೆ ನೇರಕ್ಕೆ ಒಳಗೆ ಬಿಡಿ. ತಡೆ ಸಿಕ್ಕಲ್ಲಿ ನಿಲ್ಲಿಸಿ, ಉಸಿರು ಬಿಡಿ, ತಳ್ಳಬೇಡಿ. ಮಧ್ಯೆ ಜೆಲ್ ಅಂಟಾದರೆ ಇನ್ನಷ್ಟು ಜೆಲ್ ಸುರಿಯುವ ಮೊದಲು ಒಂದೆರಡು ಹನಿ ಶುದ್ಧ ನೀರು ಹಾಕಿ ನೋಡಿ, ಮತ್ತೆ ಜಾರುತ್ತದೆ. ಮುಗಿದ ಮೇಲೆ ಡೈಲೇಟರನ್ನು ಸೌಮ್ಯ ಸಾಬೂನಿನಲ್ಲಿ ತೊಳೆದು ಒಣಗಿಸಿ. ಬಟ್ಟೆಗೆ ಚುಕ್ಕೆಯಷ್ಟು ರಕ್ತ ಹತ್ತುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಧಾರೆಯಾಗಿ ಬಂದರೆ, ಅಥವಾ ಯೋನಿಯಿಂದ ಗಾಳಿ, ಮಲ ಬಂದರೆ ಡೈಲೇಟರ್ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಲೆಕ್ಕ. ಒಂದು ಸಲಕ್ಕೆ ಒಂದು ಚಮಚ, ಅಂದರೆ 5 ಮಿ.ಲೀ. ಎಂದುಕೊಳ್ಳಿ. ಮೊದಲ 3 ತಿಂಗಳು ದಿನಕ್ಕೆ 3 ಸಲವೆಂದರೆ ದಿನಕ್ಕೆ 15, ತಿಂಗಳಿಗೆ 450 ಮಿ.ಲೀ. ಅಂಗಡಿಯ 50 ಮಿ.ಲೀ. ಟ್ಯೂಬು ನಾಲ್ಕನೇ ದಿನಕ್ಕೆ ಖಾಲಿ. ಕೈಯಲ್ಲಿ ಕಾಸಿಲ್ಲದವರು ಎಣ್ಣೆಗೆ ಮೊರೆಹೋಗುವುದು ಇಲ್ಲಿಯೇ. ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದ ಮಹಿಳೆಯರಿಗೂ ಡೈಲೇಟರ್ ಹೇಳುತ್ತಾರೆ, ಅವರ ಪಾಡೂ ಇದೇ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಮಿನಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ವಿಮೆಯ ಮಾತಿದೆ. ಜೆಲ್ ಕೂಡ ಆ ಚಿಕಿತ್ಸೆಯ ಭಾಗವೇ ಎಂದು ಯಾರಾದರೂ ವಾದಿಸಬೇಕಾದರೆ ಮೊದಲು ಅದು ಕಾಗದದ ಮೇಲಿರಬೇಕು. ಆದ್ದರಿಂದ ವೈದ್ಯರು ಚೀಟಿಯಲ್ಲಿ ಹೀಗೆ ಬರೆಯಲಿ: ‘ನೀರು ಆಧಾರಿತ ಜೆಲ್, ಲಿಗ್ನೊಕೇನ್ ಇಲ್ಲದ್ದು, ಪರಿಮಳವಿಲ್ಲದ್ದು, ತಿಂಗಳಿಗೆ 500 ಮಿ.ಲೀ., 3 ತಿಂಗಳು.’

— ಶಸ್ತ್ರಚಿಕಿತ್ಸೋತ್ತರ ಆರೈಕೆಯ ಶುಶ್ರೂಷಕಿ, ಬೆಂಗಳೂರು