ಮಗ್ಗ ನಿಲ್ಲಿಸಿದ ಗುಳೇದಗುಡ್ಡದ ಮಂದಿಗೆ

ಖಣ, ಅಂದರೆ ರವಿಕೆ ಬಟ್ಟೆ, ನೇಯುವವರ ಕತೆ ಹೇಳುವ ನಮ್ಮ ಸಿನಿಮಾ ಮುಗಿಯಿತು. ಕಳೆದ ವಾರ ಗುಳೇದಗುಡ್ಡದಲ್ಲೇ ಮೊದಲ ಪ್ರದರ್ಶನವೂ ಆಯಿತು. ನಿರ್ದೇಶಕಿ ಅಂತ ನನ್ನ ಹೆಸರು ಬಂದಾಗ ಚಪ್ಪಾಳೆ ಹೊಡೆದಿರಿ. ಆ ಚಪ್ಪಾಳೆ ಯಾರ್‍ಯಾರಿಗೆ ಸೇರಬೇಕು ಅನ್ನೋದನ್ನು ಬರೆದೇ ಹೇಳಬೇಕು ಅನಿಸಿತು.

ಇಷ್ಟು ವರ್ಷ ನನ್ನನ್ನು ಸೀರಿಯಲ್‌ನಲ್ಲಿ ನೋಡಿದ್ದೀರಿ. ಮೊದಲು ಅಕ್ಕ, ಆಮೇಲೆ ಅತ್ತಿಗೆ, ಈಚೆಗೆ ಅತ್ತೆ. ಅಲ್ಲಿ ಮೇಕಪ್ ಮುಗಿಯುವ ಹೊತ್ತಿಗೆ ಸೀನ್ ಪೇಪರ್ ಕೈಗೆ ಬಂದರೆ ಪುಣ್ಯ. ಓದಿ ಬಾಯಿಪಾಠ ಮಾಡೋಕೆ ಪುರುಸೊತ್ತಿಲ್ಲ. ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಾರೆ, ನಾವು ಹಿಡಿದು ಹೇಳುತ್ತೇವೆ. ಮಾಸ್ಟರ್ ಶಾಟ್, ಕ್ಲೋಸಪ್, ಆಮೇಲೆ ಒಬ್ಬೊಬ್ಬರದೂ ರಿಯಾಕ್ಷನ್. ಎಪಿಸೋಡ್ ಬ್ಯಾಂಕಿಂಗ್, ಅಂದರೆ ಮುಂದಿನ ದಿನಗಳಿಗೆ ತೆಗೆದಿಟ್ಟ ಎಪಿಸೋಡ್‌ಗಳು, ಖಾಲಿ ಆಗಬಾರದು. ಆ ಓಟದ ನಡುವೆಯೂ, ಶಾಟ್ ಇಲ್ಲದಾಗ ನಾನು ಮಾನಿಟರ್ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಸೆಟ್‌ನಲ್ಲಿ ಷೂಟಿಂಗ್ ನಡೆಸುವ ಯಾವ ಷೆಡ್ಯೂಲ್ ಡೈರೆಕ್ಟರೂ ಆಚೆ ಕಳಿಸಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನಾನು ಕಲಿತ ಶಾಲೆ ಅದೇ. ಅವರೆಲ್ಲರಿಗೂ ನಮಸ್ಕಾರ.

ಖಣ ನೇಯುವವರ ಕತೆ ಮಾಡ್ತೀನಿ ಅಂದಾಗ ನಿರ್ಮಾಪಕರೊಬ್ಬರು, "ಮಾತು ಬೆಂಗಳೂರು ಕಡೆಯದಿರಲಿ, ನಿಮ್ಮ ಕಡೆ ಭಾಷೆ ಕಾಮಿಡಿಗೆ ಸಾಕು" ಅಂದರು. ಬಹಳ ನೋವಾಯಿತು. ನಾನು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿ ಬೆಳೆದವಳು. ಬನದ ಹುಣ್ಣಿಮೆಗೆ ತೇರು ಎಳೆದು ಎಷ್ಟೋ ದಿನ ಆದಮೇಲೂ ಆ ಥೇಟರ್‌ಗಳು ತುಂಬಿರುತ್ತಿದ್ದವು. ಜನ ನಕ್ಕಿದ್ದೂ ಇದೇ ಮಾತಿಗೆ, ಅತ್ತಿದ್ದೂ ಇದೇ ಮಾತಿಗೆ. ನಮ್ಮ ನಾಟಕಕಾರ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ನಟಿಸಿದ ಸಿನಿಮಾ ಆಯಿತು. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು ಮಾಡಿದ ಬಸವಣ್ಣನ ಪಾತ್ರವನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಇಂಥ ಸೀಮೆಯ ಮಾತು ನಗಿಸೋಕೆ ಮಾತ್ರ ಅಂದರೆ ಹೇಗೆ ಒಪ್ಪೋದು, ಅಲ್ವಾ? ಒಪ್ಪಲಿಲ್ಲ. ಬೇರೆ ನಿರ್ಮಾಪಕರು ಸಿಕ್ಕರು. ಅವರ ಋಣ ದೊಡ್ಡದು.

ಆದರೆ ಬೆಂಗಳೂರಲ್ಲಿ ಇದ್ದೂ ಇದ್ದೂ ನನ್ನ ಬರವಣಿಗೆಗೆ ಸೀರಿಯಲ್ ವಾಸನೆ ಹತ್ತಿತ್ತು. ಅದನ್ನು ತೆಗೆದವರು ಓಣಿಯ ಒಬ್ಬ ಹಿರಿಯ ಅಮ್ಮ. ಪರಊರಿಂದ ಮಗ ಬರುವ ದೃಶ್ಯದಲ್ಲಿ ತಾಯಿಗೆ ಅರ್ಧ ಪುಟ ಮಾತು ಬರೆದಿದ್ದೆ. ಓದಿ ಹೇಳಿದಾಗ ಅವರು, "ಮಗ ಬಿಸಲಾಗ ಬಂದಾನ. ಇಷ್ಟೆಲ್ಲಾ ಯಾರ ಮಾತಾಡ್ತಾರ ಯವ್ವಾ? ಮೊದಲ ಒಂದ ತಂಬಿಗಿ ನೀರ ಕೊಡ್ತಾರ" ಅಂದರು. ಅರ್ಧ ಪುಟವನ್ನೂ ಹೊಡೆದು ಹಾಕಿದೆ. ಈಗ ಸಿನಿಮಾದಲ್ಲಿ ತಾಯಿ ತಂಬಿಗೆ ತರುತ್ತಾಳೆ, ಅಷ್ಟೇ.

ಇನ್ನು ಸೌಂಡ್ ವಿಷಯ. ಡಬ್ಬಿಂಗ್ ಬೇಡ, ಆಡಿದ ಮಾತನ್ನು ಅಲ್ಲೇ ಹಿಡಿಯೋಣ ಅಂತ ತೀರ್ಮಾನ ಮಾಡಿದ್ದೆವು. ಮೊದಲ ಟೇಕ್‌ಗೇ ಸೌಂಡ್ ಹುಡುಗ ಹೆಡ್‌ಫೋನ್ ತೆಗೆದಿಟ್ಟ. ಅಕ್ಕಪಕ್ಕದ ಪವರ್‌ಲೂಮ್‌ಗಳ ಖಟಖಟ ಬಿಟ್ಟರೆ ಮೈಕ್‌ನಲ್ಲಿ ಏನೂ ಇಲ್ಲ. ಆಗ ನಾವು ಷೂಟಿಂಗ್ ಮಾಡುತ್ತಿದ್ದ ಮನೆಯ ಕಾಕಾ ಎದ್ದು ಹೊರಗೆ ಹೋದರು. ಬಾಗಿಲು ಬಾಗಿಲಿಗೆ ಹೋಗಿ ಹೇಳಿದರು. ಒಂದೊಂದೇ ಮಗ್ಗ ನಿಂತಿತು. ಟೇಕ್ ಮುಗಿದರೆ ಶುರು, ಮತ್ತೆ ಟೇಕ್ ಅಂದರೆ ಬಂದ್. ಷೂಟಿಂಗ್ ಮುಗಿಯುವ ತನಕ ಹೀಗೇ ನಡೆಯಿತು. ನೇಯ್ದಷ್ಟೇ ಕೂಲಿ ಸಿಗುವ ಕೆಲಸ ಅದು. ಮಗ್ಗ ನಿಂತರೆ ಆ ದಿನದ ಗಳಿಕೆ ನಿಂತ ಹಾಗೆ. ನಾವು ದುಡ್ಡು ಕೊಡಲು ಹೋದೆವು. ಕೆಲವರು ತಗೊಂಡರು, ಅದು ನ್ಯಾಯ. ಜಾಸ್ತಿ ಜನ ಬೇಡ ಅಂದರು. ಖಣ ಈ ಊರಿನದು ಅಂತ ಗುರುತಿಸುವ ಜಿಐ ಟ್ಯಾಗ್ ಬಗ್ಗೆ ಒಬ್ಬ ಅಣ್ಣ ಹೇಳಿದ್ದು: "ಖಣಕ್ಕ ಜಿಐ ಟ್ಯಾಗ್ ಬಂತು ಅಂತಾರ್ರೀ. ನೇಯೋರ ಮಾರಿನೂ ಒಂದೀಟು ತೋರಸ್ರಿ."

ಆ ಕಾಕಾ ಅವರದೇ ಇನ್ನೊಂದು ಉಪಕಾರ ಇದೆ. ನಮ್ಮ ನಟನಿಗೆ ಕುಣಿ ಮಗ್ಗ ಕಲಿಸಲು ತಾಸುಗಟ್ಟಲೆ ಜೊತೆಗೆ ಕೂತರು. ಕುಣಿಯೊಳಗೆ ಕಾಲು ತುಳಿಯಬೇಕು, ಅದೇ ಲಯಕ್ಕೆ ಲಾಳಿ ಓಡಬೇಕು, ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಗಟ್ಟಿಯಾಗಿ ಬಡಿಯಬೇಕು. ನಟ ಕೂತ ಭಂಗಿ ಕಲಿತ. ಕೈ ಮಾತ್ರ ಬರಲಿಲ್ಲ. ಎಷ್ಟೋ ವರ್ಷದ ಅಭ್ಯಾಸ ಅದು, ಹೇಗೆ ತಾನೇ ಬಂದೀತು? ನೀವು ಕ್ಲೋಸಪ್‌ನಲ್ಲಿ ನೋಡಿದ ಕೈಗಳೆಲ್ಲ ಕಾಕಾ ಅವರವು. ನಟಿಯಾಗಿ ನನ್ನ ಮುಖದ ಕ್ಲೋಸಪ್ ಬಗ್ಗೆ ಬಹಳ ಯೋಚಿಸಿದವಳು ನಾನು. ನಿರ್ದೇಶಕಿಯಾಗಿ ನಾನು ತೆಗೆದ ಶಾಟ್‌ಗಳಲ್ಲಿ ಅತಿ ಹೆಚ್ಚು ಹೆಮ್ಮೆ ಇರುವುದು ಆ ಕೈಗಳ ಬಗ್ಗೆ.

ನಡುವೆ ದುಡ್ಡು ನಿಂತಾಗ ಬಾಕಿ ಕೇಳದೆ ದುಡಿದ ಕ್ಯಾಮೆರಾ, ಲೈಟ್, ಸೌಂಡ್‌ನ ಎಲ್ಲರಿಗೂ ನಾನು ಋಣಿ. ಮನೆ ನೋಡಿಕೊಂಡ ಅವ್ವನಿಗೂ.

ಮಗ್ಗ ನಿಲ್ಲಿಸಿದ ಪ್ರತಿ ಮನೆಯ ಹೆಸರೂ ಕೊನೆಯ ಟೈಟಲ್‌ನಲ್ಲಿದೆ. ಮೊನ್ನೆ ಅದು ಓದುವಷ್ಟರಲ್ಲೇ ಓಡಿಹೋಯಿತು ಅಂದಿರಿ. ವಿಜಯಪುರ, ಬೆಳಗಾವಿಯಲ್ಲಿ ತೋರಿಸುವ ಮೊದಲು ಅದನ್ನು ನಿಧಾನ ಮಾಡಿಸುತ್ತಿದ್ದೇನೆ.