ಅವು ಹಸಿದಿಲ್ಲ, ಪುಟ್ಟಿ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

‘ಪ್ಯಾರಮೀಸಿಯಂಗಳು ಹಸಿದು ಸಾಯುತ್ತಿವೆ, ಎಷ್ಟು ಗೋಧಿಕಾಳು ಹಾಕಿದರೂ ಸಾಲದು’ ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿದಾಗಿನಿಂದ ಸಮಾಧಾನವಿಲ್ಲ. ನೀರಿನಲ್ಲಿ ಬದುಕುವ ಆ ಏಕಕೋಶ ಜೀವಿಗಳು ಹಸಿದಿಲ್ಲ ಕಣೇ. ನೀರು ಮಬ್ಬಾಗಿ ನಾರುತ್ತಿದೆ ಎಂದೂ ಬರೆದಿದ್ದೀಯ, ಕಾರಣ ಅಲ್ಲೇ ಇದೆ.

ಕಾಳನ್ನು ಅವು ಮುಟ್ಟುವುದೇ ಇಲ್ಲ. ಕಾಳು ಕೊಳೆಯುವಾಗ ಹೆಚ್ಚುವ ಬ್ಯಾಕ್ಟೀರಿಯಾ ಅವುಗಳ ಊಟ. ಸಿಲಿಯಾ ಎಂಬ ಎಳೆಗಳು ಬಡಿದು ನೀರನ್ನು ಬಾಯಿಯ ತೋಡಿಗೆ ನೂಕುತ್ತವೆ. ತೋಡಿನ ಕೊನೆಯಲ್ಲಿ ಬ್ಯಾಕ್ಟೀರಿಯಾ ಗುಂಪಾಗಿ, ಒಂದಿಷ್ಟು ನೀರಿನ ಜೊತೆಗೆ ಆಹಾರ ರಸದಾನಿ ಎಂಬ ಪುಟ್ಟ ಚೀಲವಾಗಿ ಕಳಚಿಕೊಂಡು ಒಳಗೆ ತೇಲುತ್ತವೆ. ರಸದಾನಿ ಮೊದಲು ಆಮ್ಲೀಯವಾಗುತ್ತದೆ, ಆಮೇಲೆ ಆಮ್ಲತೆ ಇಳಿಯುತ್ತದೆ. ಜೀರ್ಣವಾಗದೆ ಉಳಿದದ್ದು ಮೈಯ ಒಂದು ಗೊತ್ತಾದ ಜಾಗದಿಂದಲೇ ಹೊರಬೀಳುತ್ತದೆ. ಅವುಗಳ ಜಾಡಿಯನ್ನು ನಿನಗೆ ಕೊಟ್ಟ ದಿನವೇ ಇದನ್ನೆಲ್ಲ ಹೇಳಬೇಕಿತ್ತು. ‘ಕಾಳು ಹಾಕು’ ಎಂದಷ್ಟೇ ಹೇಳಿದ್ದು ನನ್ನ ತಪ್ಪು, ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಸಿವು ಎಂದು ನೀನು ಹೆದರಿ ಇನ್ನಷ್ಟು ಕಾಳು ಹಾಕುತ್ತೀಯ. ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಪಾಪ, ಪ್ಯಾರಮೀಸಿಯಂಗಳು ಊಟ ಸುತ್ತಲೂ ಇದ್ದು ಉಸಿರುಗಟ್ಟಿ ಸಾಯುತ್ತವೆ.

ಕಾಲು ಲೀಟರ್ ನೀರಿಗೆ ನಾಲ್ಕೈದು ಕಾಳು ಸಾಕು, ಮೊಳೆಯದಂತೆ ಕುದಿಸಿ ಹಾಕು. ಮುಚ್ಚಳ ಬಿಗಿಯಬೇಡ. ಈಗಿನ ಜಾಡಿಯಲ್ಲಿ ಬದುಕಿರುವವು ಮೇಲ್ಪದರದಲ್ಲಿ, ಗಾಜಿನ ಅಂಚಿನ ಬಳಿ ಸಿಗಬಹುದು, ಡ್ರಾಪರ್‌ನಲ್ಲಿ ಎತ್ತಿ ಹೊಸ ಜಾಡಿಗೆ ಬಿಡು. ಆ ಜಾಡಿಯನ್ನು ಒಂದೆರಡು ದಿನ ಮೊದಲೇ ಕಾಳು ಹಾಕಿ ಇಟ್ಟಿರು, ಬ್ಯಾಕ್ಟೀರಿಯಾ ಹುಟ್ಟಿರಬೇಕಲ್ಲ. ಇಷ್ಟೆಲ್ಲ ಒಮ್ಮೆಲೇ ಹೇಳಿ ನಿನಗೆ ಗೊಂದಲ ಮಾಡುತ್ತಿದ್ದೇನೇನೋ.

ಹಸಿವಿನ ಅನುಮಾನ ಇನ್ನೂ ಕಾಡಿದರೆ ಕಾಂಗೋ ರೆಡ್ ಬಣ್ಣದಲ್ಲಿ ಕುದಿಸಿದ ಯೀಸ್ಟ್ ಅನ್ನು ಚೆನ್ನಾಗಿ ತೆಳುಮಾಡಿ ಒಂದು ಹನಿ ಕೊಟ್ಟು ನೋಡು. ಕೈಗವಸು ಮರೆಯಬೇಡ, ಆ ಬಣ್ಣ ಒಳ್ಳೆಯದಲ್ಲ. ಹೊಸ ರಸದಾನಿ ಕೆಂಪಗಿರುತ್ತದೆ, ಆಮ್ಲ ಏರಿದಂತೆ ನೀಲಿಯಾಗುತ್ತದೆ, ಮುಂದೆ ಮತ್ತೆ ಕೆಂಪಿಗೆ ತಿರುಗುತ್ತದೆ. ಕೆಂಪು ಕಂಡರೆ ತಿನ್ನುತ್ತಿವೆ ಎಂದೇ ಅರ್ಥ.

ನಿಜವಾಗಿ ಹಸಿದ ಜಾಡಿಯ ನೀರು ತಿಳಿಯಾಗಿರುತ್ತದೆ, ಜೀವಿಗಳು ಸಣಕಲಾಗಿ ಪಾರದರ್ಶಕವಾಗಿರುತ್ತವೆ, ಒಳಗೆ ರಸದಾನಿ ಅಪರೂಪ. ಆಗ ಮಾತ್ರ ಒಂದೆರಡು ಕಾಳು ಹಾಕು. ಅಮೀಬಾಕ್ಕೆ ಈ ಲೆಕ್ಕ ಬೇಡ. ಅದು ಮೈಯನ್ನೇ ಕಾಲಿನಂತೆ (ಮಿಥ್ಯಾಪಾದ) ಚಾಚಿ ಬೇಟೆಯನ್ನು ಸುತ್ತುವರಿದು ನುಂಗುವಂಥದ್ದು, ಅದಕ್ಕೆ ಜೀವಂತ ಸಣ್ಣ ಜೀವಿಗಳನ್ನೇ ಕೊಡಬೇಕು.

ಇವತ್ತೇ ಒಂದು ಹನಿ ಸ್ಲೈಡಿಗೆ ಹಾಕಿ ರಸದಾನಿ ಎಣಿಸಿ ಬರೆ. ಅಲ್ಲಿಯವರೆಗೆ ಈಗಿನ ಜಾಡಿಗೆ ಒಂದು ಕಾಳನ್ನೂ ಹಾಕಬೇಡ.

ಇಂತಿ,
ನಿನ್ನ ದೊಡ್ಡಮ್ಮ