ಕಲ್ಲಿನ ಬುಡದ ಮಣ್ಣು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆ ಕಡೆಯ ಸುದ್ದಿಯನ್ನೆಲ್ಲ ಅಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಮೂರನೆಯ ಪುಟದ ಕೊನೆಗೆ ಬರೆದಿದ್ದೀಯಲ್ಲ, ಅಲ್ಲೇ ನನ್ನ ಓದು ನಿಂತುಹೋಯಿತು. ಕೆರೆ ಏರಿಯ ವೀರಗಲ್ಲಿನ ಕೊನೆಯ ಸಾಲು ಕಾಣಲಿ ಅಂತ ಭಾನುವಾರ ಶಾಸನ ಓದಲು ಹೋಗುವ ನಿಮ್ಮ ತಂಡದವರು ಬುಡದ ಮಣ್ಣನ್ನು ಒಂದು ಗೇಣು ಬಗೆದಿರಿ. ಹೊರಡುವ ಹೊತ್ತಿಗೆ ದನ ಹೊಡೆದುಕೊಂಡು ಬಂದವನೊಬ್ಬ "ಏನಾದ್ರೂ ಸಿಕ್ತಾ?" ಅಂದ. "ದೊಡ್ಡಪ್ಪಾ, ನಾವು ಹೋಗಿ ಬಂದದ್ದೇ ಆ ಕಲ್ಲಿಗೆ ಮುಳುವಾದರೆ?" ಅಂತ ಕೇಳಿದ್ದೀಯ.

ಹಾಗೇನೂ ಆಗೋದಿಲ್ಲ ಬಿಡು ಅಂತ ಬರೆಯೋಣವೆಂದು ಕೂತೆ. ಕೈ ಏಳಲಿಲ್ಲ. ಆಗುತ್ತದೆ ಪುಟ್ಟಿ, ಅದಕ್ಕೇ.

ಆ ಊರಿನ ಹೆಸರನ್ನು ಈ ಕಾಗದದಲ್ಲೂ ನಾನು ಬರೆಯುವುದಿಲ್ಲ. ಹಳೆಗನ್ನಡ ಲಿಪಿ ಓದಲು ಬಾರದವರಿಗೆ ಆ ಬರಹವೇ ನಿಧಿಯ ಗುಟ್ಟು. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೊರೆದಿರುತ್ತಾರೆ. ಕೊಟ್ಟ ದಾನ ಸೂರ್ಯಚಂದ್ರರಿರುವ ತನಕ ನಡೆಯಲಿ ಅನ್ನುವುದಕ್ಕೆ ಅದು ಗುರುತು. ನಿಧಿ ಹುಡುಕುವವನಿಗೆ ಅದು ದಿಕ್ಕು ತೋರಿಸುವ ಸನ್ನೆ. ಅಂಥವನ ಕಣ್ಣಿಂದ ನಿಮ್ಮ ಭಾನುವಾರವನ್ನು ಒಮ್ಮೆ ನೋಡು. ಪೇಟೆಯವರು ಕಾರಿನಲ್ಲಿ ಬಂದರು, ಕಲ್ಲು ತೊಳೆದರು, ಕಾಗದ ಅಂಟಿಸಿ ಕಪ್ಪು ಬಡಿದರು, ಟೇಪು ಹಿಡಿದರು, ಬುಡ ಬಗೆದರು, ಕಾಗದವನ್ನು ಸುರುಳಿ ಸುತ್ತಿಕೊಂಡು ಹೋದರು. ಹಿಂದೆ ಒಂದು ಗುಂಡಿ ಉಳಿಯಿತು. ಅವನು ಕೇಳಿದ್ದರಲ್ಲಿ ತಪ್ಪೇನಿದೆ?

ಆ ಗುಂಡಿಯದೇ ನನಗೆ ಚಿಂತೆ. ವೀರಗಲ್ಲು ನಿಂತಿರುವುದೇ ಹೂತ ಬುಡದ ಬಲದಿಂದ. ಒಂದು ಮಗ್ಗುಲಿನ ಮಣ್ಣು ಹೋದರೆ ಮಳೆನೀರು ಅಲ್ಲೇ ನಿಲ್ಲುತ್ತದೆ, ನೆಲ ಮೆತ್ತಗಾಗುತ್ತದೆ, ಕಲ್ಲು ಆ ಕಡೆಗೇ ವಾಲುತ್ತದೆ. ಓದಲೆಂದು ನಾವು ಬಗೆಯುವುದು ಬರಹದ ಮುಖದ ಕಡೆ. ಹಾಗಾಗಿ ಬಿದ್ದರೆ ಬರಹವೇ ಅಡಿಗೆ. ಇನ್ನು ಗುಂಡಿ ಕಂಡವನು "ಇವರು ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ" ಅಂದುಕೊಂಡರೆ, ಉಳಿದರ್ಧವನ್ನು ಅವನು ಹಾರೆಯಲ್ಲಿ ಮುಗಿಸುತ್ತಾನೆ.

ಮುಚ್ಚುವ ಬಗೆ ನಿಮ್ಮ ತಂಡದ ಹಿರಿಯರಿಗೆ ಗೊತ್ತಿರಬಹುದು, ನಾನು ಹೇಳುವುದು ಹೆಚ್ಚಾಯಿತೇನೋ. ಆದರೂ ಬರೆದುಬಿಡುತ್ತೇನೆ. ತೆಗೆದ ಮಣ್ಣನ್ನೇ ಹಾಕಿ, ಹೊರಗಿನದು ಬೇಡ. ನಾಲ್ಕು ಬೆರಳು ದಪ್ಪ ಹಾಕುವುದು, ನೀರು ಚಿಮುಕಿಸುವುದು, ಕಟ್ಟಿಗೆಯಿಂದ ದಮ್ಮಸ್ಸು ಮಾಡುವುದು, ಮತ್ತೆ ನಾಲ್ಕು ಬೆರಳು. ಒಂದೇ ಸಲ ಸುರಿದರೆ ಮೊದಲ ಮಳೆಗೇ ಕುಸಿದು ಮತ್ತೆ ಗುಂಡಿಯಾಗುತ್ತದೆ. ಕಲ್ಲಿಗೆ ತಾಗುವ ಕಡೆ ಮಣ್ಣನ್ನು ಎರಡು ಬೆರಳು ಎತ್ತರಿಸಿ ಹೊರಕ್ಕೆ ಇಳಿಜಾರು ಕೊಡಿ, ಮೇಲೆ ಪಕ್ಕದ ಗರಿಕೆಯನ್ನು ಬೇರು ಸಮೇತ ತಂದು ಕೂರಿಸಿ. ಸಿಮೆಂಟು ಹಾಕೋಣ ಅಂತ ಯಾರಾದರೂ ಉತ್ಸಾಹದಿಂದ ಹೇಳುತ್ತಾರೆ, ಬೇಡ ಅನ್ನು. ಸಿಮೆಂಟಿನ ಲವಣ ನೀರಿನ ಜೊತೆ ಕಲ್ಲಿಗೇರಿ, ಒಣಗುವಾಗ ಮೇಲ್ಮೈಯನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಕೆಳಗಿನ ಸಾಲುಗಳು ಮೊದಲು ಹೋಗುತ್ತವೆ.

ಅಸಲಿಗೆ ಆ ಸಾಲಿಗಾಗಿ ಬಗೆಯಬೇಕಿತ್ತೇ ಅಂತ ಕೇಳಬೇಕು ಅನ್ನಿಸಿತು. ಬೈಯುತ್ತಿಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, ಕೋಲಾರದ್ದು 10ನೇ ಸಂಪುಟ, ಎರಡೂ 1905ರವು. ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಈಗ ಮಣ್ಣಿನಡಿ ಇರುವ ಸಾಲು ಆ ಕಾಲಕ್ಕೆ ಮೇಲಿದ್ದು ಅಲ್ಲಿ ಅಚ್ಚಾಗಿರಬಹುದು. ಊರಿಗೆ ಹೋಗುವ ಮುಂಚೆ ಸಂಪುಟ ತೆಗೆದು ನೋಡಿದರೆ ಗುದ್ದಲಿ ಮುಟ್ಟುವ ಕೆಲಸವೇ ಬೀಳದು. ಅಲ್ಲಿ ಇಲ್ಲವೆಂದರೆ ಪುರಾತತ್ವ ಇಲಾಖೆಗೆ ಬರೆದು ಕಾಯಬೇಕು. ಒಂದು ಗೇಣಾದರೂ ಅಗೆತ ಅಗೆತವೇ. ಕಲ್ಲು ಸಂರಕ್ಷಿತ ಸ್ಮಾರಕದ ವ್ಯಾಪ್ತಿಯಲ್ಲಿದ್ದರೆ ಕೇಂದ್ರದ 1958ರ ಕಾಯ್ದೆಯೋ ರಾಜ್ಯದ 1961ರ ಕಾಯ್ದೆಯೋ ಅಡ್ಡ ಬರುತ್ತದೆ. ಮಣ್ಣಿನಲ್ಲಿ ಏನಾದರೂ ಸಿಕ್ಕಿದರಂತೂ ನಿಧಿ ಕಾಯ್ದೆ ಇದೆ. ಬೆಲೆಯುಳ್ಳದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮಡಕೆ ಚೂರು ಕಂಡರೂ ಕೈಗೆತ್ತಿಕೊಳ್ಳಬೇಡ. ಇದ್ದಲ್ಲೇ ಫೋಟೋ ತೆಗೆ, ಇದ್ದಲ್ಲೇ ಬಿಡು.

ಕಾಯ್ದೆಯ ಮಾತು ಬಂದು ದಾರಿ ತಪ್ಪಿದೆ. ನಿನ್ನ ಭಯ ಅದಲ್ಲ. ನಾವು ಹೋದದ್ದರಿಂದ ಕಲ್ಲಿಗೆ ಕೇಡಾದರೆ ಅನ್ನುವುದು.

ನಮ್ಮ ಕಾಲದಲ್ಲಿ ಹೊಸ ಕಲ್ಲು ಸಿಕ್ಕಿದರೆ ಹೊಲದ ಸರ್ವೆ ನಂಬರು, ರಸ್ತೆಯಿಂದ ಎಷ್ಟು ಹೆಜ್ಜೆ, ಯಾವ ಮರದ ಪಕ್ಕ, ಎಲ್ಲವನ್ನೂ ಬರೆದು ಪತ್ರಿಕೆಗೆ ಕಳಿಸುತ್ತಿದ್ದೆವು. ನಿಖರವಾಗಿ ಬರೆಯುವುದೇ ಪ್ರಾಮಾಣಿಕತೆ ಅಂದುಕೊಂಡಿದ್ದೆವು. ಊರವರಿಗೆ ಮಾತ್ರ ಆ ಕಲ್ಲಿನಲ್ಲಿ ಏನಿದೆ ಅಂತ ಓದಿ ಹೇಳುತ್ತಿರಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ದೂರದವರಿಗೆ ದಾರಿ ಹೇಳಿದೆವು, ಹತ್ತಿರದವರಿಗೆ ಅರ್ಥ ಹೇಳಲಿಲ್ಲ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ಸುಣ್ಣದ ಕಡ್ಡಿಯಿಂದ ಅಕ್ಷರ ತಿದ್ದಿ ಫೋಟೋ ತೆಗೆಯುತ್ತಿದ್ದದ್ದೂ ಅಷ್ಟೇ. ಒಂದು ಕೊಂಬನ್ನು ತಪ್ಪಾಗಿ ಎಳೆದರೆ ಆ ತಪ್ಪೇ ಚಿತ್ರದಲ್ಲಿ ಉಳಿದು, ಮುಂದಿನವರೆಲ್ಲ ಅದನ್ನೇ ಓದುತ್ತಾರೆ. ಸುಣ್ಣದ ಕಡ್ಡಿ, ಮೈದಾ, ಪೌಡರು, ಯಾವುದನ್ನೂ ಅಕ್ಷರಕ್ಕೆ ತುಂಬಬೇಡಿ.

ಬೆಳಕು ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಏಳುತ್ತದೆ. ಸಂಜೆ ಟಾರ್ಚ್ ಹಿಡಿದು ಓದೋಣ ಅಂತ ನಿಮ್ಮಲ್ಲೊಬ್ಬರು ಅಂದರೆಂದು ಬರೆದಿದ್ದೀಯ. ದಯವಿಟ್ಟು ಬೇಡ. ಕತ್ತಲಲ್ಲಿ ವೀರಗಲ್ಲಿನ ಹತ್ತಿರ ಟಾರ್ಚ್ ಆಡಿದರೆ ಊರು ಏನು ಅಂದುಕೊಳ್ಳುತ್ತದೆ ಹೇಳು. ಒಂದೂವರೆ ಅಡಿಯ ಕನ್ನಡಿ ಒಯ್ಯಿ. ಹಗಲಲ್ಲೇ ಒಬ್ಬರು ಕಂಬಳಿ ಹಿಡಿದು ಕಲ್ಲಿನ ಮೇಲೆ ನೆರಳು ಮಾಡಲಿ, ಇನ್ನೊಬ್ಬರು ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮಗ್ಗುಲಿಂದ ಸವರಿದಂತೆ ಹಾಯಿಸಲಿ. ಎಡದಿಂದೊಮ್ಮೆ, ಬಲದಿಂದೊಮ್ಮೆ, ಮೇಲಿಂದೊಮ್ಮೆ. ಅಡ್ಡಗೆರೆ ಒಂದರಲ್ಲಿ ಕಂಡರೆ ಉದ್ದಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಅಮಾವಾಸ್ಯೆಯ ದಿನ ಭಾನುವಾರವೇ ಬಿದ್ದರೂ ಹೋಗಬೇಡಿ, ನಿಧಿಗೆ ಪೂಜೆ ಮಾಡಲು ಬಂದವರು ಅಂದುಕೊಳ್ಳುತ್ತಾರೆ. ಭಕ್ತಿಯಿಂದಲೇ ಆದರೂ ಅಲ್ಲಿ ನಿಂಬೆಹಣ್ಣು, ಕುಂಕುಮ ಇಡಬೇಡಿ.

ಪಡಿಯಚ್ಚು, ಅಂದರೆ ಕಲ್ಲಿನ ಬರಹದ ಅಚ್ಚನ್ನು ಕಾಗದಕ್ಕೆ ತೆಗೆಯುವಾಗ ಕಾಗದ ಹರಿಯಿತು, ಶಾಯಿ ಕಲ್ಲಿಗೆ ಇಳಿಯಿತು ಅಂತಲೂ ಬರೆದಿದ್ದೀಯ. ನೀವು ಅವಸರಪಟ್ಟಿದ್ದೀರಿ. ಕಲ್ಲನ್ನು ತೆಂಗಿನ ನಾರಿನ ಬ್ರಷ್ಷಿನಲ್ಲಿ ಬರೀ ನೀರು ಹಾಕಿ ತೊಳೆದು, ಒದ್ದೆ ಇರುವಾಗಲೇ ನೆನೆದ ಕಾಗದ ಹರಡಿ, ನಡುವಿನಿಂದ ಅಂಚಿಗೆ ಬ್ರಷ್ಷಿನಲ್ಲಿ ತಟ್ಟುತ್ತಾ ಗಾಳಿ ಹೊರದೂಡಬೇಕು. ಕಾಗದ ಅಕ್ಷರದ ಕುಳಿಗೆ ಇಳಿಯಬೇಕು. ಆಮೇಲೆ ಕಾಯುವುದೇ ಕೆಲಸ. ಬೆರಳ ಹಿಂಬದಿ ಮುಟ್ಟಿಸಿದರೆ ತಂಪು ತಾಗಬೇಕು, ತೇವ ಅಂಟಬಾರದು, ಅದು ಹದ. ಒದ್ದೆ ಹೆಚ್ಚಿದ್ದರೆ ಶಾಯಿ ಕಾಗದ ದಾಟಿ ಕಲ್ಲಿಗೆ ಹೋಗುತ್ತದೆ, ಪೂರ್ತಿ ಒಣಗಿದರೆ ಕಾಗದವೇ ಎದ್ದು ಬರುತ್ತದೆ. ಬಟ್ಟೆ ಗಂಟಿಗೆ ಶಾಯಿ ಹಚ್ಚಿ, ಮೊದಲು ಬೇರೆ ಕಾಗದದ ಮೇಲೆ ನಾಲ್ಕು ಸಲ ಒತ್ತಿ, ಹೆಚ್ಚಿನದು ಹೋದ ಮೇಲೆ ಕಲ್ಲಿಗೆ ಬಾ. ಒರೆಸಬೇಡ, ತಟ್ಟು. ಮೇಲ್ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಉಗುರಲ್ಲಿ ಕೆರೆದರೆ ಪುಡಿ ಉದುರುವ ಕಲ್ಲಾದರೆ ಪಡಿಯಚ್ಚು ಬೇಡವೇ ಬೇಡ, ಫೋಟೋ ಸಾಕು. ಕಪ್ಪು ಇಳಿದ ಜಾಗವನ್ನು ಆಸಿಡ್ಡಿನಿಂದ ತೊಳೆಯಲು ಹೋಗಬೇಡಿ, ಇಲಾಖೆಯವರನ್ನು ಕೇಳಿ.

ಇನ್ನು ಆ ದನ ಕಾಯುವವನ ಪ್ರಶ್ನೆ. ಅವನಿಗೆ ಉತ್ತರ ಕೊಡದೆ ನಕ್ಕು ಬಂದಿರೆಂದು ಬರೆದಿದ್ದೀಯ. ನಿನ್ನ ಕಾಗದದಲ್ಲಿ ನನಗೆ ಬಹಳ ಚುಚ್ಚಿದ್ದು ಅದು. "ಸಿಕ್ಕಿತು" ಅನ್ನಬೇಕಿತ್ತು. ಅವನನ್ನು ಕಲ್ಲಿನ ಮುಂದೆ ಕೂರಿಸಿ, ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುವುದು, ಬೆರಳಿಟ್ಟು ತೋರಿಸಬೇಕಿತ್ತು. ನೀನು ಓದಿ ಬರೆದ ಸಾಲಿನಲ್ಲಿ ತುರುಗೋಳು ಇದೆ. ಊರ ದನ ಹಿಡಿದುಕೊಂಡು ಹೋದವರ ಮೇಲೆ ಬಿದ್ದು ಸತ್ತವನ ಕಲ್ಲು ಅದು. ದನ ಕಾಯುವವನಿಗೆ ಇದಕ್ಕಿಂತ ಹತ್ತಿರದ ಮಾತು ಯಾವುದು? ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ನೆತ್ತರುಗೊಡಗೆ, ಅಂದರೆ ಸತ್ತವನ ಮನೆಯವರಿಗೆ ಬಿಟ್ಟ ಹೊಲ. ಇಲ್ಲವೇ ಶಾಪ, ಇದನ್ನು ಹಾಳು ಮಾಡಿದವನು ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗಲಿ ಅಂತ. ಚಿನ್ನದ ಮಾತಿಲ್ಲ ಅಂತ ಅವನ ಕಿವಿಗೇ ಬಿದ್ದರೆ ಊರಿಗೆಲ್ಲ ಅವನೇ ಹೇಳುತ್ತಾನೆ.

ಬೆಂಗಳೂರಿನ ಹೆಬ್ಬಾಳದಲ್ಲಿರುವ, ಕಿತ್ತಯ್ಯ ಅನ್ನುವ ವೀರನ ಕಲ್ಲು ನಿನಗೆ ಗೊತ್ತಲ್ಲ. ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ಕಾಮಗಾರಿಯ ವೇಳೆ ಸಿಕ್ಕಿತು. ಬೆಂಗಳೂರಿನಲ್ಲಿ ಅಂಥ ಕಲ್ಲು ಉಳಿಯುವುದು ಸುಲಭವಲ್ಲ. ಅದರಲ್ಲಿ ಏನು ಬರೆದಿದೆ ಅಂತ ಸುತ್ತಲಿನವರಿಗೆ ತಿಳಿಯಿತು, ನಮ್ಮ ಕಲ್ಲು ಅಂದರು, ಅದಕ್ಕೊಂದು ಮಂಟಪವೂ ಆಯಿತು. ಹಾಗಾಗಿ ಬಚ್ಚಿಡು ಅಂತ ನಾನು ಹೇಳುತ್ತಿಲ್ಲ. ಮೊದಲು ಊರಿಗೆ ಹೇಳು, ಪೇಟೆಗೆ ಆಮೇಲೆ. ಓದಿದ ಪಾಠವನ್ನು ಈಗಿನ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಒಂದು ಪ್ರತಿ ಶಾಲೆಗೆ, ಒಂದು ಪಂಚಾಯಿತಿಗೆ ಕೊಡಿ. ಊರವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕಬೇಡಿ. ಹಾಕುವಾಗಲೂ ತಾಲ್ಲೂಕಿನ ಹೆಸರು ಸಾಕು. ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಕೊಂಡೇ ಫೋಟೋ ತೆಗೆ. ಅಕ್ಷಾಂಶ ರೇಖಾಂಶ ನಿಮ್ಮ ದಾಖಲೆ ಪುಸ್ತಕದಲ್ಲಿರಲಿ, ಇಲಾಖೆಗೆ ಕೊಡುವ ಪ್ರತಿಯಲ್ಲಿರಲಿ.

ಇಷ್ಟೆಲ್ಲ ಮಾಡಿದರೂ ಕೇಡಾಗಲಾರದು ಅಂತ ನಾನು ಮಾತು ಕೊಡಲಾರೆ. ತಂಡ ಬಿಡಬೇಕೇ ಅಂತ ಕೇಳಿದ್ದೀಯ. ಬಿಡಬೇಡ. ಆ ಭಯವನ್ನೂ ಬಿಡಬೇಡ, ಅದು ಇರುವವರೇ ಕಲ್ಲಿನ ಹತ್ತಿರ ಹೋಗಬೇಕು.

ನನ್ನ ನಾರಿನ ಬ್ರಷ್ಷು ಎರಡಿವೆ, ಹಿಡಿ ಗಟ್ಟಿಯಿದೆ, ಅಮ್ಮ ಬರುವಾಗ ಕೊಟ್ಟು ಕಳಿಸುತ್ತೇನೆ. ಮುಂದಿನ ಭಾನುವಾರದ ತನಕ ಕಾಯಬೇಡ, ರಜೆ ಹಾಕಿಯಾದರೂ ಒಮ್ಮೆ ಹೋಗಿ ಬಾ. ಆ ಗುಂಡಿ ಮುಚ್ಚಿತಾ, ಗರಿಕೆ ಕೂರಿಸಿದಿರಾ, ಆ ಮನುಷ್ಯ ಸಿಕ್ಕಿದನಾ, ಅಷ್ಟನ್ನು ಒಂದು ಸಾಲು ಬರೆ.

ಇಂತಿ,
ನಿನ್ನ ದೊಡ್ಡಪ್ಪ